ಹಲ್ಲು ಕಿತ್ತ ನಂತರದ ಆರೈಕೆ: ಕನ್ನಡದಲ್ಲಿ ಸೂಚನಾಪತ್ರ ಕೊಡಿ



ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಹಳ್ಳಿಗಳಿಂದ ಪಟ್ಟಣಕ್ಕೆ ಬಂದು ಹಲ್ಲು ಕೀಳಿಸಿಕೊಂಡು, ಅಂದೇ ಬಸ್ಸು ಹಿಡಿದು ಊರಿಗೆ ಮರಳುವ ರೋಗಿಗಳ ಆರೈಕೆ ಮನೆಯಲ್ಲೇ ನಡೆಯುವುದರಿಂದ, ಅದರ ತಿಳಿವಳಿಕೆಯೂ ಚಿಕಿತ್ಸೆಯಷ್ಟೇ ಮುಖ್ಯವಾಗಿದೆ.

ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ, ಕೆಳಗಿನ ಮೂಳೆಯನ್ನೂ ನರದ ತುದಿಗಳನ್ನೂ ಮುಚ್ಚಿ ಕಾಪಾಡುತ್ತದೆ. ಈ ಹೆಪ್ಪು ಕಳಚಿಹೋದರೆ ಎರಡು-ಮೂರು ದಿನಗಳಲ್ಲಿ ಕಿವಿಯವರೆಗೂ ಹಬ್ಬುವ ತೀವ್ರ ನೋವು ಕಾಣಿಸಿಕೊಳ್ಳುತ್ತದೆ. ಇದನ್ನು ದಂತವೈದ್ಯರು ‘ಡ್ರೈ ಸಾಕೆಟ್’, ಅಂದರೆ ಒಣಗಿದ ಕುಳಿ ಎನ್ನುತ್ತಾರೆ. ಆದ್ದರಿಂದ ವೈದ್ಯರು ಇಟ್ಟ ಗಾಜ್ ಬಟ್ಟೆಯನ್ನು ಅರ್ಧ ಗಂಟೆಯಾದರೂ ಕಚ್ಚಿ ಹಿಡಿದು, ಮೊದಲ 24 ಗಂಟೆ ಉಗುಳದೆ, ಬಾಯಿ ಮುಕ್ಕಳಿಸದೆ, ಬೀಡಿ, ಎಲೆಅಡಿಕೆ, ಹೊಗೆಸೊಪ್ಪು ಮುಟ್ಟದೆ, ಬಿಸಿ ಮುದ್ದೆ ಹಾಗೂ ಖಾರದ ಸಾರಿನ ಬದಲು ತಣಿಸಿದ ರಾಗಿ ಅಂಬಲಿಯನ್ನೋ ಮೊಸರನ್ನವನ್ನೋ ಸೇವಿಸುವುದು ಒಳಿತು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಮೆಲ್ಲಗೆ ಮುಕ್ಕಳಿಸಬಹುದು. ಸಕ್ಕರೆ ಕಾಯಿಲೆಯುಳ್ಳವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕೇ ವಿನಾ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಊತ ಹೆಚ್ಚುತ್ತಲೇ ಹೋದರೆ ತಡಮಾಡದೆ ಮರಳಿ ತೋರಿಸಬೇಕು.

ದಿನದ ಕೂಲಿ ಬಿಟ್ಟು ಬರುವ ರೇಷ್ಮೆ ಬಿಚ್ಚಣಿಕೆ ಕಾರ್ಮಿಕರಿಗೂ ಬೊಂಬೆ ಕೆಲಸಗಾರರಿಗೂ ಮತ್ತೊಮ್ಮೆ ಆಸ್ಪತ್ರೆಗೆ ಬರುವುದು ಹೊರೆಯೇ ಸರಿ. ಈ ಸೂಚನೆಗಳನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಮುದ್ರಿಸಿ, ನಾಲ್ಕೂ ಪಟ್ಟಣಗಳ ಸರ್ಕಾರಿ ಆಸ್ಪತ್ರೆ ಹಾಗೂ ಖಾಸಗಿ ದಂತ ಚಿಕಿತ್ಸಾಲಯಗಳಲ್ಲಿ ಪ್ರತಿ ರೋಗಿಗೂ ಕೊಡುವಂತೆ, ಓದಲು ಬಾರದವರಿಗೆ ಓದಿ ಹೇಳುವಂತೆ ಆರೋಗ್ಯ ಇಲಾಖೆ ಕ್ರಮ ಕೈಗೊಳ್ಳಬೇಕು.

– ಓದುಗರೊಬ್ಬರು, ರಾಮನಗರ