ನಿಮ್ಮ ಜೋಕನ್ನು ಅವರೂ ಓದುತ್ತಾರೆ

ಕನ್ನಡದ ಟ್ರೋಲ್ ಪುಟಗಳನ್ನೂ ದೊಡ್ಡ ದೊಡ್ಡ ವಾಟ್ಸ್‌ಆ್ಯಪ್ ಗುಂಪುಗಳನ್ನೂ ನಡೆಸುವ ಅಡ್ಮಿನ್ ಮಹನೀಯರಿಗೆ, ಯಲ್ಲಾಪುರ ತಾಲ್ಲೂಕಿನ ಹೈಸ್ಕೂಲು ಮೇಷ್ಟ್ರೊಬ್ಬನ ನಮಸ್ಕಾರಗಳು.

ದೂರು ಇಷ್ಟು. ನಮ್ಮ ಕಡೆಯ ಶಾಲಾ ವಾರ್ಷಿಕೋತ್ಸವವೊಂದರಲ್ಲಿ ಸಿದ್ದಿ ಹುಡುಗಿಯರು ತಮ್ಮ ಸಾಂಪ್ರದಾಯಿಕ ಡಮಾಮಿ ನೃತ್ಯ ಕುಣಿದ ವಿಡಿಯೊವನ್ನು ಪಾಲಕರೊಬ್ಬರು ಹೆಮ್ಮೆಯಿಂದ ಜಾಲತಾಣಕ್ಕೆ ಹಾಕಿದ್ದರು. ವಾರ ಕಳೆಯುವುದರೊಳಗೆ ಅದು ನಿಮ್ಮಲ್ಲೊಬ್ಬರ ಪುಟದಲ್ಲಿ ಕಾಣಿಸಿಕೊಂಡಿತು. ವಾದ್ಯದ ಸದ್ದು ತೆಗೆದು ಕಾಡುಪ್ರಾಣಿಗಳ ಕೂಗು ಸೇರಿಸಿದ್ದರು. ಮೇಲೊಂದು ಸಾಲು ಬರೆದಿದ್ದರು, ಅದನ್ನು ಇಲ್ಲಿ ಮತ್ತೆ ಅಚ್ಚು ಮಾಡಿಸುವ ಇಚ್ಛೆ ನನಗಿಲ್ಲ. ಕಾಮೆಂಟುಗಳಲ್ಲಿ, ಕರೆಂಟು ಹೋದಾಗ ಹಲ್ಲು ಮಾತ್ರ ಕಾಣುವ ಅಜ್ಜನ ಕಾಲದ ಜೋಕು ಬಂತು, ಮುಖಕ್ಕೆ ಹಚ್ಚುವ ಕ್ರೀಮು ಬಂತು, ‘ಯಾವ ದೇಶದವರಪ್ಪಾ ಇವರು, ವೀಸಾ ಚೆಕ್ ಮಾಡಿ’ ಎಂಬ ಸಲಹೆಯೂ ಬಂತು. ನಾನು ರಿಪೋರ್ಟ್ ಒತ್ತಿದೆ. ನಿಯಮ ಮೀರಿದ್ದು ಏನೂ ಕಾಣಲಿಲ್ಲ ಎಂದು ಜಾಲತಾಣದ ಯಂತ್ರ ಉತ್ತರ ಕಳಿಸಿತು. ಪುಟದವರಿಗೇ ಬರೆದೆ. “ಜಸ್ಟ್ ಫನ್ ಸರ್, ಸೀರಿಯಸ್ಸಾಗಿ ತಗೋಬೇಡಿ” ಎಂದರು. ಮತ್ತೆ ಬರೆದದ್ದಕ್ಕೆ ಬ್ಲಾಕ್ ಮಾಡಿದರು. ಬ್ಲಾಕ್ ಆದವನಿಗೆ ಉಳಿಯುವ ದಾರಿ ಪತ್ರಿಕೆಯದು. ಕುಣಿದವರಲ್ಲಿ ಒಬ್ಬಳು ನನ್ನ ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: “ಎಲ್ಲರೂ ಸೇರಿ ರಿಪೋರ್ಟ್ ಮಾಡಿದ್ರೆ ಹೋಗ್ತದಾ ಸರ್?”

ಯಾವ ದೇಶದವರು ಎಂದು ಕೇಳಿದವರಿಗೆ ಮೊದಲು ಉತ್ತರ ಕೊಡುತ್ತೇನೆ. ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದಿಳಿದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳಾದ ಸಿದ್ದಿಗಳು ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾಗಳಲ್ಲಿ ಇದ್ದಾರೆ. ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಅವರಲ್ಲಿದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಶಾಲೆಯಲ್ಲಿ, ಪೇಟೆಯಲ್ಲಿ, ಪಂಚಾಯ್ತಿಯಲ್ಲಿ ಕನ್ನಡ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇಲ್ಲೇ ಹತ್ತಿರದ ಮಂಚಿಕೇರಿಯಲ್ಲಿ 1980ರ ದಶಕದಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿಗಳನ್ನೇ ಕಟ್ಟಿಕೊಂಡು ಚಿನುವಾ ಅಚಿಬೆಯ ಕಾದಂಬರಿಯನ್ನು ಕನ್ನಡದ ರಂಗಕ್ಕೆ ತಂದರು. ಆಫ್ರಿಕಾದ ಕಥೆಯನ್ನು, ಆಫ್ರಿಕಾ ಬಿಟ್ಟು ಬಂದವರ ವಂಶಸ್ಥರು, ಮಲೆನಾಡಿನ ಅಡಿಕೆ ತೋಟಗಳ ನಡುವೆ ಕನ್ನಡದಲ್ಲಿ ಆಡಿದರು. ಇಂಥದ್ದು ನಡೆದ ರಾಜ್ಯ ನಮ್ಮದು. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯವರನ್ನು ನೀವೆಲ್ಲ ‘ಪರಮಾತ್ಮ’ದಂಥ ಚಿತ್ರಗಳಲ್ಲಿ ನೋಡಿ ನಕ್ಕಿದ್ದೀರಿ. ‘ಸಲಗ’ ಬಂದಾಗ ಸಿದ್ದಿ ಕಲಾವಿದರ ಹಾಡಿಗೆ ರೀಲ್ಸ್ ಮಾಡಿ ನೀವೇ ಲೈಕು ಎಣಿಸಿದ್ದೀರಿ.

ಏನನ್ನೂ ಸಾಧಿಸದ, ಊರಲ್ಲೇ ಕೂಲಿಗೆ ಹೋಗುವ ಸಿದ್ದಿಗೂ ಇಷ್ಟೇ ಮರ್ಯಾದೆ ಸಲ್ಲಬೇಕು, ಅದು ಬೇರೆ ಮಾತು. ಇಷ್ಟೆಲ್ಲ ಬರೆದದ್ದು ಯಾಕೆಂದರೆ, ನಿಮ್ಮ ಜೋಕು ನಿಂತಿರುವುದೇ ‘ಇವರು ಇಲ್ಲಿಯವರಲ್ಲ, ಇದನ್ನು ಓದುವವರಲ್ಲ’ ಎಂಬ ನಂಬಿಕೆಯ ಮೇಲೆ. ಆ ನಂಬಿಕೆ ಸುಳ್ಳು. ನಿಮ್ಮ ಪುಟದ ಫಾಲೋವರ್‌ಗಳಲ್ಲಿ ಸಿದ್ದಿ ಹುಡುಗರಿದ್ದಾರೆ. ಆರ್‌ಸಿಬಿ ಸೋತ ರಾತ್ರಿ ನೀವು ಹಾಕುವ ಮೀಮುಗಳಿಗೆ ಎಲ್ಲರ ಜೊತೆ ಅವರೂ ನಗುತ್ತಾರೆ. ಮರುದಿನ ಬೆಳಿಗ್ಗೆ ಅದೇ ಪುಟ ತೆರೆದರೆ ತಮ್ಮ ತಂಗಿಯ ಮುಖ.

2022ರಲ್ಲಿ ಬಿಬಿಸಿ ಬಯಲಿಗೆಳೆದ ಒಂದು ಪ್ರಕರಣ ನಿಮಗೆ ನೆನಪಿರಬಹುದು. ಆಫ್ರಿಕಾದ ಮಲಾವಿ ದೇಶದ ಹಳ್ಳಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅವರಿಗೆ ಬಾರದ ಚೀನೀ ಭಾಷೆಯಲ್ಲಿ, ತಾವು ಕರಿ ಭೂತಗಳು, ತಮಗೆ ಬುದ್ಧಿ ಕಡಿಮೆ ಎಂದು ಕೂಗಿಸಿ ಚಿತ್ರಿಸಿದ್ದರು. ಮಕ್ಕಳು ನಗುನಗುತ್ತ ಕೂಗಿದರು. ಚೀನಾದ ಜಾಲತಾಣಗಳಲ್ಲಿ ಇಂಥ ವಿಡಿಯೊಗಳಿಗೆ ಮಾರುಕಟ್ಟೆಯೇ ಇತ್ತು. ಆ ಮಕ್ಕಳಿಗೆ ತಮ್ಮ ಬಾಯಿಂದ ಏನು ಹೊರಡುತ್ತಿದೆ ಎಂಬುದು ತಿಳಿಯಲಿಲ್ಲ. ನಮ್ಮ ಹುಡುಗಿಯರಿಗೆ ಆ ಮಟ್ಟಿನ ಅನುಕೂಲವೂ ಇಲ್ಲ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಕಲಿಸಿದವನು ನಾನೇ.

ಈಗ ‘ಫನ್’ ವಿಚಾರ. ಹಾಸ್ಯದ ಬಗ್ಗೆ ನನಗೆ ಹಗೆಯಿಲ್ಲ, ಹಗೆಯಿದ್ದವನು ಹೈಸ್ಕೂಲಿನಲ್ಲಿ ಪಾಠ ಮಾಡಿ ಉಳಿಯುವುದು ಕಷ್ಟ. ಕನ್ನಡದಲ್ಲಿ ನಗಿಸುವ ಕಸುಬಿಗೆ ದೊಡ್ಡ ಪರಂಪರೆಯಿದೆ. ಡಾ. ಎಂ. ಶಿವರಾಂ, ಅಂದರೆ ರಾ.ಶಿ., 1942ರಲ್ಲಿ ‘ಕೊರವಂಜಿ’ ಆರಂಭಿಸಿ ಕಾಲು ಶತಮಾನ ನಡೆಸಿದರು, ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಬೀಚಿ ಬರೆದರು, ಕೈಲಾಸಂ ಆಡಿಸಿದರು. ನಮ್ಮ ಸೀಮೆಯ ಯಕ್ಷಗಾನದಲ್ಲಿ ಹಾಸ್ಯಗಾರ ರಾಜನೆದುರು ನಿಂತೇ ರಾಜನ ಕಾಲೆಳೆಯುತ್ತಾನೆ, ರಾಜನ ವೇಷದವನು ಸುಮ್ಮನಿರಬೇಕಾಗುತ್ತದೆ. ಗಂಗಾವತಿ ಪ್ರಾಣೇಶ್ ಉತ್ತರ ಕರ್ನಾಟಕದ ಮಾತು, ಊಟ, ಬೀಗರ ಜಗಳ ಎಲ್ಲವನ್ನೂ ಹಿಡಿದು ಎಳೆದಾಡುತ್ತಾರೆ. ಆದರೆ ಎದುರಿಗೆ ಕೂತ ಉತ್ತರ ಕರ್ನಾಟಕದವರೇ ಮೊದಲು ನಗುತ್ತಾರೆ. ಅವರ ಪಾಲಿಗೆ ಪ್ರಾಣೇಶ್ ತಮ್ಮದೇ ಮನುಷ್ಯ. ಜೋಕು ಕೆಟ್ಟರೆ ಮರುದಿನ ಅದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅವರು ನಿಲ್ಲಬೇಕು. ನೀವು ಎಲ್ಲಿ ನಿಲ್ಲುತ್ತೀರಿ? ನಿಮ್ಮ ಹೆಸರೂ ಯಾರಿಗೂ ಗೊತ್ತಿಲ್ಲ.

‘ಸಿದ್ದಿ ಹುಡುಗರೇ ತಮ್ಮತಮ್ಮಲ್ಲಿ ಹೀಗೆ ಛೇಡಿಸಿಕೊಳ್ಳುತ್ತಾರಲ್ಲ’ ಎಂದು ನೀವು ಕೇಳಬಹುದು. ಛೇಡಿಸಿಕೊಳ್ಳುತ್ತಾರೆ. ನಮ್ಮ ಹಾಸ್ಟೆಲಿನ ಅಂಗಳದಲ್ಲಿ ಹವ್ಯಕರ ಹುಡುಗನ ತಂಬುಳಿಯಿಂದ ಹಿಡಿದು ಗೌಳಿ ಹುಡುಗನ ಎಮ್ಮೆಯ ತನಕ ಯಾವುದೂ ಉಳಿದಿಲ್ಲ. ಅಲ್ಲಿ ಅಂದವನಿಗೆ ಅಲ್ಲೇ ವಾಪಸು ಸಿಗುತ್ತದೆ, ಸಂಜೆ ಒಟ್ಟಿಗೆ ವಾಲಿಬಾಲ್ ಆಡುತ್ತಾರೆ. ಲಕ್ಷ ಜನ ಒಂದು ಕಡೆ, ಹದಿನೈದರ ಹುಡುಗಿ ಒಂದು ಕಡೆ ನಿಂತಾಗ ವಾಪಸು ಕೊಡುವುದು ಹೇಗೆ? ಬೇಸರ ತೋರಿಸಿದರೆ ‘ಸೆನ್ಸ್ ಆಫ್ ಹ್ಯೂಮರ್ ಇಲ್ಲ’ ಎನ್ನುತ್ತೀರಿ, ಸುಮ್ಮನಿದ್ದರೆ ‘ಅವರಿಗೇ ಇಲ್ಲದ ಬೇಸರ ನಿಮಗೇಕೆ’ ಎನ್ನುತ್ತೀರಿ.

ನಕ್ಕವರೆಲ್ಲ ಒಪ್ಪಿದವರು ಎಂದುಕೊಳ್ಳುವುದೂ ಬೇಡ. ವೆಸ್ಟ್ ಇಂಡೀಸಿನ ಡ್ಯಾರೆನ್ ಸ್ಯಾಮಿ ಐಪಿಎಲ್ ಆಡುವಾಗ ಜೊತೆಯವರು ಇಟ್ಟ ಅಡ್ಡಹೆಸರಿಗೆ ತಾವೂ ನಗುತ್ತಿದ್ದರು. ಅದು ತಮ್ಮ ಬಣ್ಣವನ್ನು ಆಡಿಕೊಂಡ ಹೆಸರು ಎಂದು 2020ರಲ್ಲಿ ತಿಳಿದಾಗ ಬಹಿರಂಗವಾಗಿಯೇ ಸಿಟ್ಟು ತೋಡಿಕೊಂಡರು. ನಮ್ಮ ಬೆಂಗಳೂರಿನ ಕಥೆ ಇನ್ನೂ ವಿಚಿತ್ರ. 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಮೈದಾನದಲ್ಲಿ ಕ್ರಿಸ್ ಗೇಲ್ 66 ಎಸೆತಕ್ಕೆ 175 ಹೊಡೆದಾಗ ಊರಿಗೆ ಊರೇ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಯಿತು. ಇಂದಿಗೂ ಆ ದಿನ ಬಂದರೆ ನಿಮ್ಮ ಪುಟಗಳಲ್ಲಿ ಅವರ ಫೋಟೊ. ಸಿಕ್ಸರ್ ಹೊಡೆದವನ ಬಣ್ಣ ಕಾಣುವುದಿಲ್ಲ, ಡಮಾಮಿ ಕುಣಿದವಳ ಬಣ್ಣ ಬಿಟ್ಟು ಬೇರೇನೂ ಕಾಣುವುದಿಲ್ಲ! ಬಣ್ಣಕ್ಕೆ ಪ್ರಸಿದ್ಧಿಯ ರಕ್ಷಣೆ ಯಾವಾಗಲೂ ಸಿಗುತ್ತದೆ ಎಂದೂ ಹೇಳಲಾರೆ. 2019ರಲ್ಲಿ ಚೆಪಾಕ್ ಮೈದಾನದಲ್ಲಿ ಶಾರುಖ್ ಖಾನ್ ಪಕ್ಕ ಕೂತದ್ದಷ್ಟೇ ತಮಿಳು ನಿರ್ದೇಶಕ ಅಟ್ಲೀ ಮಾಡಿದ ಅಪರಾಧ. ಅವರ ಬಣ್ಣವನ್ನು ಆಡಿಕೊಂಡ ಮೀಮುಗಳು ಜಾಲತಾಣಗಳಲ್ಲಿ ಹರಿದಾಡಿದವು.

ಸಿದ್ದಿಗಳ ಮಾತಾಯಿತು. ನಿಮ್ಮ ಎರಡನೆಯ ಮೆಚ್ಚಿನ ಗುರಿ ಈಶಾನ್ಯ ರಾಜ್ಯಗಳವರು: ಕಣ್ಣು, ಮೊಮೊ, ನಾಯಿ. 2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ಅವರ ಕೂದಲನ್ನು ಅಂಗಡಿಯವರು ಆಡಿಕೊಂಡು ನಕ್ಕರು. ಮಾತಿಗೆ ಮಾತು ಬೆಳೆದು ಹೊಡೆದಾಟವಾಯಿತು, ಮರುದಿನ ಆ ಹುಡುಗ ತೀರಿಕೊಂಡ. ಆಮೇಲೆ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ ಕಾನೂನು ಬಿಗಿ ಮಾಡಿ ಎಂದು ವರದಿ ಕೊಟ್ಟಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಅದೇ ಜನರನ್ನು ‘ಕೊರೊನಾ’ ಎಂದೇ ಕರೆಯುವ ಚೇಷ್ಟೆ ಫೋನುಗಳಲ್ಲಿ ಹರಿದಾಡಿತು. ಅದೇ ತಿಂಗಳು ಮೈಸೂರಿನ ಒಂದು ದಿನಸಿ ಮಳಿಗೆಯಲ್ಲಿ ನಾಗಾಲ್ಯಾಂಡಿನ ವಿದ್ಯಾರ್ಥಿಗಳನ್ನು ಒಳಗೆ ಬಿಡಲಿಲ್ಲ. ಪ್ರತಿ ಜೋಕಿನ ಹಿಂದೆಯೂ ಒಂದು ದೊಣ್ಣೆಯಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಬಾಗಿಲಲ್ಲಿ ನಿಂತು ತಡೆದವನಿಗೆ ಅವರು ಹೊರಗಿನವರು ಎಂದು ಯಾರು ಹೇಳಿಕೊಟ್ಟರು? ಶಾಲೆಯಲ್ಲಿ ನಾವು ಹೇಳಿಕೊಟ್ಟಿಲ್ಲ.

ಇದನ್ನೆಲ್ಲ ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಅಂಗಡಿಕಾರ ಅಪು 1990ರಿಂದ ಮೂರು ದಶಕ ಅಲ್ಲಿನವರನ್ನು ನಗಿಸಿದ. ಅವನ ಉಚ್ಚಾರ ಹಿಡಿದು ಶಾಲೆಯ ಬಸ್ಸಿನಲ್ಲಿ ಅಣಕಕ್ಕೆ ಗುರಿಯಾದವರು ಭಾರತೀಯರ ಮಕ್ಕಳು. ಅಲ್ಲಿನ ಹಾಸ್ಯ ಕಲಾವಿದ ಹರಿ ಕೊಂಡಬೋಲು 2017ರಲ್ಲಿ ಅದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ದನಿ ಕೊಡುತ್ತಿದ್ದ ಹ್ಯಾಂಕ್ ಅಜೇರಿಯಾ 2020ರಲ್ಲಿ ಆ ಪಾತ್ರ ಬಿಟ್ಟರು, ಮುಂದಿನ ವರ್ಷ ಕ್ಷಮೆಯನ್ನೂ ಕೇಳಿದರು. ಅಪು ವಿಷಯದಲ್ಲಿ ನಮ್ಮ ಎನ್‌ಆರ್‌ಐ ಬಂಧುಗಳ ನೋವು ನನಗೆ ಅರ್ಥವಾಗುತ್ತದೆ. ಅದೇ ಬಂಧುಗಳಿರುವ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಮೈಬಣ್ಣದ ಜೋಕು ಬಂದಾಗ ಹೆಬ್ಬೆರಳು ಮೇಲೇಳುವುದು ಹೇಗೆ ಎಂಬುದಷ್ಟೇ ಅರ್ಥವಾಗುವುದಿಲ್ಲ.

‘ಇದು ಖಾಸಗಿ ಗುಂಪು’ ಎನ್ನುವವರಿಗೆ ಒಂದು ಮಾತು. 2017ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ, ಒಂದು ಖಾಸಗಿ ಮೀಮ್ ಗುಂಪಿನಲ್ಲಿ ಇಂಥ ಜೋಕುಗಳನ್ನು ಹಂಚಿಕೊಂಡದ್ದಕ್ಕೆ ಕನಿಷ್ಠ 10 ಮಂದಿಯ ಪ್ರವೇಶ ರದ್ದು ಮಾಡಿತು. ಹದಿನೆಂಟರ ಮಕ್ಕಳಿಗೆ ಅದು ಜಾಸ್ತಿಯಾಯಿತು ಎಂದೇ ನನ್ನ ಅಭಿಪ್ರಾಯ. ಯಾರಾದರೊಬ್ಬರು ಮೊದಲ ದಿನವೇ ‘ಸಾಕು’ ಎಂದಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು.

ಪೊಲೀಸರ ಹತ್ತಿರ ಯಾಕೆ ಹೋಗಲಿಲ್ಲ ಎಂದು ಊರವರು ಕೇಳಿದರು. ಹೋಗಬಹುದಿತ್ತು. ಪರಿಶಿಷ್ಟ ಪಂಗಡದವರನ್ನು ಸಾರ್ವಜನಿಕವಾಗಿ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಂತರ್ಜಾಲದಲ್ಲಿ ಮಾಡಿದ ಅವಮಾನಕ್ಕೂ ಅದು ಅನ್ವಯವಾಗುತ್ತದೆ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಒಂದು ಪೋಸ್ಟಿಗೆ ಹುಡುಗರನ್ನು ಠಾಣೆಗೆ ಎಳೆಯುವ ಕಾಲವನ್ನೂ ನಾವು ನೋಡಿದ್ದೇವೆ. ಅದಕ್ಕೆ ಬಳಕೆಯಾಗುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 66ಎಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಹೊಡೆದುಹಾಕಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ನಗಿಸುವವನ ಹಿಂದೆ ಲಾಠಿ ನಿಲ್ಲಬಾರದು ಎಂಬ ನನ್ನ ಮಾತು ಇಂದಿಗೂ ಬದಲಾಗಿಲ್ಲ. ಅದಕ್ಕೇ ಈ ಪತ್ರ ಠಾಣೆಗೆ ಹೋಗದೆ ನಿಮ್ಮ ಹತ್ತಿರ ಬಂದಿದೆ. ಸದಸ್ಯರು ಹಾಕಿದ ಪೋಸ್ಟಿಗೆ ಗುಂಪಿನ ಅಡ್ಮಿನ್ ಹೊಣೆಯಲ್ಲ ಎಂದು ಅದೇ ಕೇರಳ ಹೈಕೋರ್ಟ್ ಅದೇ ವರ್ಷ ತೀರ್ಪು ಕೊಟ್ಟಿದೆ, ಬೇಕಾದರೆ ನೀವು ಅದನ್ನು ಹಿಡಿದುಕೊಳ್ಳಿ. ಆದರೆ ಯಾರ ಪೋಸ್ಟನ್ನಾದರೂ ಎಲ್ಲರ ಫೋನಿನಿಂದ ಅಳಿಸುವ ಗುಂಡಿಯನ್ನು ವಾಟ್ಸ್‌ಆ್ಯಪ್ ಅಡ್ಮಿನ್‌ಗಳ ಕೈಗೇ ಕೊಟ್ಟಿದೆ. ರಾಜಕೀಯದ ಪೋಸ್ಟು ಬಂದರೆ ಅರೆ ನಿಮಿಷದಲ್ಲಿ ಅದನ್ನು ಒತ್ತುತ್ತೀರಿ, ನಾನೇ ಕಂಡಿದ್ದೇನೆ.

ನಾನು ಕೇಳುವುದು ಹೆಚ್ಚಿಲ್ಲ. ನಮ್ಮ ಹುಡುಗಿಯರ ಆ ವಿಡಿಯೊ ತೆಗೆಯಿರಿ. ಕ್ಷಮಾಪಣೆಯ ದೊಡ್ಡ ಪೋಸ್ಟು ಬೇಡ, ಅದಕ್ಕೂ ಒಂದಿಷ್ಟು ಜನ ಬಂದು ನಗುತ್ತಾರೆ. ಚರ್ಮ, ಕಣ್ಣು, ಕೂದಲು, ಮೂಗು ಹಿಡಿದು ಒಂದು ಜನವನ್ನೇ ಆಡಿಕೊಳ್ಳುವುದು ಇಲ್ಲಿ ನಡೆಯುವುದಿಲ್ಲ ಎಂದು ನಿಮ್ಮ ನಿಯಮಗಳಲ್ಲಿ ಒಂದು ಸಾಲು ಸೇರಿಸಿ. ಮಂತ್ರಿಯ ರಸ್ತೆ, ನಟನ ಸಿನಿಮಾ, ಮೇಷ್ಟ್ರ ಮೂಗುತುದಿಯ ಕನ್ನಡಕ, ಎಲ್ಲ ನಿಮ್ಮದೇ. ಯಥೇಚ್ಛವಾಗಿ ನಗಿಸಿ.

ಕೊನೆಗೆ ಓದುಗರಿಗೆ. ಇಂಥ ಪೋಸ್ಟು ಕಂಡಾಗ ಖಂಡಿಸುವುದಕ್ಕೆಂದು ಸಹ ಹಂಚಬೇಡಿ, ಹಂಚಿದಷ್ಟೂ ಅದು ಓಡುತ್ತದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು, ಜನಾಂಗದ ಹೆಸರಿನಲ್ಲಿ ಆಕ್ಷೇಪಾರ್ಹವಾದದ್ದನ್ನು ಹಾಕಬಾರದು ಎಂದು ಸ್ಪಷ್ಟವಾಗಿ ಹೇಳುತ್ತವೆ. ಪ್ರತಿ ಜಾಲತಾಣವೂ ತನ್ನ ಕುಂದುಕೊರತೆ ಅಧಿಕಾರಿಯ ಹೆಸರು ಮತ್ತು ವಿಳಾಸ ಪ್ರಕಟಿಸಿರಬೇಕು, ದೂರು ತಲುಪಿದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕೇಂದ್ರ ಸರ್ಕಾರದ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಬರೀ ರಿಪೋರ್ಟ್ ಗುಂಡಿ ಒತ್ತಿ ಸುಮ್ಮನಾಗಬೇಡಿ, ಲಿಖಿತ ದೂರು ಕೊಡಿ.

ಇಂತಿ,
ಯಲ್ಲಾಪುರ ತಾಲ್ಲೂಕಿನ ಒಬ್ಬ ಕನ್ನಡ ಮೇಷ್ಟ್ರು