ಪೋಷಕರಿಗೆ ಹೇಳಲು ಒಂದು ಮಾತು ಕೊಡೋಣ

ಪೋಷಕರ ಪ್ರೋತ್ಸಾಹದ ನುಡಿಯಿಂದ ಮಕ್ಕಳಲ್ಲಿ ಆತ್ಮವಿಶ್ವಾಸ ಬೆಳೆಯುತ್ತದೆ ಎಂದು ನಾವು ಮನೋವಿಜ್ಞಾನದ ತರಗತಿಯಲ್ಲಿ ಹೇಳುತ್ತೇವೆ, ಪ್ರಶಿಕ್ಷಣಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಆ ನುಡಿ ಪೋಷಕರಿಗೆ ಎಲ್ಲಿಂದ ಸಿಗಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಶಾಲೆಗಳಿಗೆ ಬೋಧನಾಭ್ಯಾಸದ ಮೇಲ್ವಿಚಾರಣೆಗೆ ಹೋದಾಗ ಪೋಷಕರಿಂದ ನಾನು ಹೆಚ್ಚಾಗಿ ಕೇಳಿರುವುದು ಎರಡು ಮಾತು. ‘ನಮಗೇನು ಗೊತ್ತಾಗುತ್ತೆ ಮೇಷ್ಟ್ರೇ, ನೀವೇ ನೋಡ್ಕೊಳ್ಳಿ’ ಎಂಬುದು ಒಂದು. ‘ಇವನಿಗೆ ಲೆಕ್ಕ ತಲೆಗೆ ಹತ್ತಲ್ಲ’ ಎಂಬುದು ಇನ್ನೊಂದು. ಇದನ್ನು ಹೇಳುವಾಗ ಮಗು ಪಕ್ಕದಲ್ಲೇ ನಿಂತಿರುತ್ತದೆ. ಹೆತ್ತವರೇ ಹೇಳಿದ ಮೇಲೆ ಅದು ನಂಬದೆ ಏನು ಮಾಡೀತು?

ಇವರಿಗೆ ಪ್ರೋತ್ಸಾಹಿಸಲು ಬಾರದು ಎಂದಲ್ಲ. ಜ್ವರಕ್ಕೆ ಕೂತ ರೇಷ್ಮೆಹುಳು ಮೇಯುತ್ತಿಲ್ಲವೆಂದು ಯಾವ ಬೆಳೆಗಾರನೂ ಕೈಬಿಡುವುದಿಲ್ಲ, ಕಾಯುತ್ತಾನೆ. ಚನ್ನಪಟ್ಟಣದ ಗೊಂಬೆ ಕುಶಲಕರ್ಮಿ ಹೊಸಬನ ಕೆಲಸ ನೋಡಿ, ಅರಗಿನ ಬಣ್ಣ ಎಲ್ಲಿ ಸಮನಾಗಿ ಹತ್ತಿದೆ, ಎಲ್ಲಿ ಇನ್ನೂ ಉಜ್ಜಬೇಕು ಎಂದು ಬೆರಳಿಟ್ಟು ತೋರಿಸಬಲ್ಲ. ತಿಳಿದ ಕೆಲಸದಲ್ಲಿ ಇವರ ಮಾತು ಖಚಿತ. ಶಾಲೆಯ ಕೆಲಸ ಮಾತ್ರ ಇವರಿಗೆ ಕಾಣುವುದು ಅಂಕವಾಗಿ. ಅಂಕ ನೋಡಿ ‘ಜಾಣ’ ಅಥವಾ ‘ದಡ್ಡ’ ಎನ್ನಬಹುದು, ಅಷ್ಟೇ.

‘ಜಾಣ’ ಎಂಬ ಮಾತೂ ನಿರಪಾಯಕಾರಿಯಲ್ಲ. ಅಮೆರಿಕದಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕೆರೊಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತಿಕೆಗಾಗಿ ಹೊಗಳಿಸಿಕೊಂಡವರು ಕಠಿಣ ಪ್ರಶ್ನೆಗಳಲ್ಲಿ ಸೋತ ಮೇಲೆ ಬೇಗ ಕೈಚೆಲ್ಲಿದರು. ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರು ಪಟ್ಟು ಬಿಡಲಿಲ್ಲ. ಅಲ್ಲಿ ಹೊಗಳಿದವರು ಸಂಶೋಧಕರು. ದಿನವೂ ಹೊಗಳುವ, ಬೈಯುವ ಮನೆಯವರ ಮಾತಿಗೆ ತೂಕ ಕಡಿಮೆ ಇರಲಾರದು ಎಂಬುದು ನನ್ನ ನಂಬಿಕೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ 24ನೇ ಪ್ರಕರಣದಂತೆ ಪೋಷಕರನ್ನು ನಿಯಮಿತವಾಗಿ ಕಂಡು ಮಗುವಿನ ಕಲಿಕೆಯ ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ. ಅದರ ಅಭ್ಯಾಸ ಬೋಧನಾಭ್ಯಾಸದಲ್ಲೇ ಶುರುವಾಗಲಿ. ಪ್ರತಿ ಪ್ರಶಿಕ್ಷಣಾರ್ಥಿಯೂ ವಾರಕ್ಕೆ ಐದು ಮಕ್ಕಳನ್ನು ಗಮನಿಸಿ, ಒಬ್ಬೊಬ್ಬರ ಮನೆಗೂ ಒಂದು ವಾಕ್ಯ ಮುಟ್ಟಿಸಲಿ: ‘ಇವತ್ತು ಭಾಗಾಕಾರ ತಪ್ಪಿತ್ತು, ತಾಳೆ ನೋಡಿ ತಾನೇ ತಿದ್ದಿಕೊಂಡಳು.’ ಓದು ಬಾರದ ತಾಯಿಯೂ ಆಗ ‘ಹೆಂಗೆ ತಿದ್ದಿದೆ, ತೋರಿಸವ್ವ’ ಎನ್ನಬಹುದು. ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮನೆ ಸೇರುವ ಪೋಷಕರಿಗೆ ಸಭೆಗೆ ಬರಲು ಬಿಡುವಿಲ್ಲ. ಒಂದು ನಿಮಿಷದ ಫೋನು ಸಾಕು.

ಮಗುವಿನ ಎದುರೇ ಯಾರಾದರೂ ‘ದಡ್ಡ’ ಎಂದರೆ ಪ್ರಶಿಕ್ಷಣಾರ್ಥಿ ತಲೆಯಾಡಿಸಬಾರದು. ಆ ಮಗು ಮಾಡಿದ ಒಂದು ಕೆಲಸವನ್ನು ಅಲ್ಲೇ ಹೇಳಬೇಕು. ಹಾಗೆ ಹೇಳಲು ಅದನ್ನು ಮೊದಲೇ ಗಮನಿಸಿರಬೇಕು. ಪಾಠಯೋಜನೆಗೆ ಅಂಕ ಕೊಡುವ ನಾವು, ದಾಖಲೆ ಪುಸ್ತಕದಲ್ಲಿ ಈ ಗಮನಿಕೆಗೂ ಒಂದು ಪುಟ ಇಟ್ಟು ಅಂಕ ಕೊಡೋಣ.