ಒಂದು ಮಡಿಲಿಗೆ ಎಷ್ಟು ಮಕ್ಕಳು?

ಮಕ್ಕಳೇ, ಈ ವಾರ ಒಂದು ಲೆಕ್ಕದಿಂದ ಶುರು ಮಾಡೋಣ. ಅಜ್ಜಿಗೆ ಕೈ ಎರಡು, ಮಡಿಲು ಒಂದು. ಜಗಲಿಯ ಮೇಲೆ ಕೂಸುಗಳು ಆರು. ಒಂದು ಅಳುತ್ತಿದೆ, ಒಂದು ನಿದ್ದೆ ಮಾಡುತ್ತಿದೆ, ಒಂದು ಮಣ್ಣು ತಿನ್ನುತ್ತಿದೆ, ಎರಡು ಒಂದೇ ಗಿಲಕಿಗೆ ಕಿತ್ತಾಡುತ್ತಿವೆ. ಆರನೆಯದು ಎಲ್ಲಿ?

ಹುಣಸೂರು, ಪಿರಿಯಾಪಟ್ಟಣದ ಕಡೆಯ ಅಜ್ಜಿ-ತಾತಂದಿರಿಗೆ ಈ ಲೆಕ್ಕ ಹೊಸದಲ್ಲ. ಹೊಗೆಸೊಪ್ಪಿನ ಕಾಲ ಬಂತೆಂದರೆ ಊರಿನ ಹೆಂಗಸರೆಲ್ಲ ಹೊಲದಲ್ಲಿ, ಇಲ್ಲವೇ ಬ್ಯಾರನ್ ಮುಂದೆ. ಕೆ.ಆರ್. ನಗರದ ಗದ್ದೆ ಬಯಲಿನಲ್ಲಿ ನಾಟಿಯ ಕಾಲ, ಎಚ್.ಡಿ. ಕೋಟೆಯಲ್ಲಿ ಹತ್ತಿ ಬಿಡಿಸುವ ಕಾಲ. ಬೆಳೆ ಬೇರೆಯಾದರೂ ಬೆಳಗಿನ ಚಿತ್ರ ಒಂದೇ: ತಾಯಂದಿರು ಹೊರಟು ಹೋಗುತ್ತಾರೆ, ಬೀದಿಯ ಕೂಸುಗಳೆಲ್ಲ ಯಾರೋ ಒಬ್ಬ ಅಜ್ಜಿಯ ಜಗಲಿಗೆ ಬಂದು ಸೇರುತ್ತವೆ.

ನಾನು ಮೇಷ್ಟರಾಗಿದ್ದಾಗ ಆರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮಗ್ಗಿಯಲ್ಲಿ ಎಲ್ಲರಿಗಿಂತ ಚುರುಕು. ಜುಲೈ ಬಂದ ಮೇಲೆ ಅವಳ ಜಾಗ ಖಾಲಿ. ಹಾಜರಿ ಪುಸ್ತಕದಲ್ಲಿ ನಾನು ದಿನವೂ ಗೈರು ಎಂದು ಗುರುತು ಹಾಕುತ್ತ ಹೋದೆ. ಏಕೆಂದು ಕೇಳಲು ಹೋಗಲಿಲ್ಲ. ಮೂರು ವಾರದ ಮೇಲೆ ದಾರಿಯಲ್ಲಿ ಸಿಕ್ಕಳು, ಸೊಂಟದ ಮೇಲೆ ಒಂದು ಮಗು. ‘ಅವ್ವ ಸೊಪ್ಪು ಕಟ್ಟಕ್ಕೋಯ್ತಳೆ ಸಾ. ಅಜ್ಜಿಗೆ ಕಣ್ಣು ಕಾಣಕಿಲ್ಲ. ತಮ್ಮುನ್ನ ನಾನೇ ನೋಡ್ಕಬೇಕು’ ಅಂದಳು. ಆ ವರ್ಷ ಹೇಗೋ ಪರೀಕ್ಷೆ ಬರೆದಳು. ಮುಂದಿನ ವರ್ಷ ಶಾಲೆಗೆ ಬರಲಿಲ್ಲ. ಅವಳು ಶಾಲೆ ಬಿಟ್ಟದ್ದು ಓದು ಬಾರದೆ ಅಲ್ಲ, ಒಂದು ಕೂಸನ್ನು ಹಗಲು ಹೊತ್ತು ಇಟ್ಟುಕೊಳ್ಳುವ ಜಾಗ ಊರಲ್ಲಿ ಇಲ್ಲದ್ದರಿಂದ.

‘ಮಗುವನ್ನು ತಾಯಿಯೇ ಹೊಲಕ್ಕೆ ಕರೆದೊಯ್ಯಬಹುದಲ್ಲ’ ಎಂದು ನೀವು ಕೇಳಬಹುದು. ಒದ್ದೆಯಾದ ಹಸಿ ಹೊಗೆಸೊಪ್ಪು ಮುಟ್ಟಿದರೆ ಅದರ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದೆ. ದೊಡ್ಡವರಿಗೇ ತಲೆಸುತ್ತು, ವಾಂತಿ ಬರುತ್ತದೆ. ಎಲ್ಲವನ್ನೂ ಬಾಯಿಗಿಡುವ ಕೂಸಿನ ಗತಿ ಏನು? ಜೊತೆಗೆ ಬ್ಯಾರನ್ನಿನ ಬೆಂಕಿ, ಔಷಧಿ ಹೊಡೆಯುವ ಡಬ್ಬ. ಗದ್ದೆ ಬದಿಯಲ್ಲಿ ಕಾಲುವೆ, ಕಾಡಂಚಿನ ಹೊಲಗಳಲ್ಲಿ ಆನೆಯ ಭಯ.

ಈ ಕಷ್ಟಕ್ಕೆ ದಾರಿ ಹುಡುಕಿದ ಕಥೆಯಲ್ಲಿ ನಮ್ಮ ಮೈಸೂರು ಜಿಲ್ಲೆಗೂ ಒಂದು ಜಾಗ ಇದೆ. 1975ರ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ, ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ತಿ. ನರಸೀಪುರ ತಾಲ್ಲೂಕನ್ನು. ಅಲ್ಲಿ ತೆರೆದದ್ದು 100 ಅಂಗನವಾಡಿಗಳು. ಇಂದು ಅಂಗನವಾಡಿ ಇಲ್ಲದ ಊರು ಹುಡುಕಬೇಕು. ನಿಮ್ಮಲ್ಲಿ ಎಷ್ಟೋ ಜನ ಮೊದಲ ಹಾಡು ಕಲಿತದ್ದು ಅಲ್ಲಿಯೇ.

ಆದರೆ ಅಂಗನವಾಡಿಯಲ್ಲಿ ಕೂತು ಆಡಿ ಕಲಿಯುವುದು ಮೂರು ವರ್ಷ ತುಂಬಿದವರು. ಅದಕ್ಕಿಂತ ಚಿಕ್ಕವರಿಗೆ ಪೌಷ್ಟಿಕ ಆಹಾರ ಸಿಗುತ್ತದೆ, ತೂಕ ನೋಡುತ್ತಾರೆ. ಹಗಲೆಲ್ಲ ಎತ್ತಿ ಆಡಿಸುವವರು ಯಾರು? 2023ರಲ್ಲಿ ಕರ್ನಾಟಕ ಸರ್ಕಾರ ‘ಕೂಸಿನ ಮನೆ’ ಎಂಬ ಯೋಜನೆ ಪ್ರಕಟಿಸಿದ್ದು ಈ ಪ್ರಶ್ನೆಗೆ ಉತ್ತರವಾಗಿ. 4,000 ಗ್ರಾಮ ಪಂಚಾಯಿತಿಗಳಲ್ಲಿ, ಉದ್ಯೋಗ ಖಾತ್ರಿ ಕೆಲಸಕ್ಕೆ ಮತ್ತು ಬೇರೆ ದುಡಿಮೆಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಒಂದೊಂದು ಮನೆ. ನೋಡಿಕೊಳ್ಳುವವರು ತರಬೇತಿ ಪಡೆದ ಅದೇ ಊರಿನ ಹೆಂಗಸರು. ಹೆಸರು ಇಟ್ಟವರಿಗೆ ಒಂದು ನಮಸ್ಕಾರ. ‘ಕೇಂದ್ರ’ ಅನ್ನಲಿಲ್ಲ, ‘ಮನೆ’ ಅಂದರು.

ಪಟ್ಟಣಗಳಲ್ಲಿ ಕೆಲವರು ತಮ್ಮ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಬೇಬಿ ಸಿಟ್ಟಿಂಗ್ ಅನ್ನುತ್ತಾರೆ, ಡೇ ಕೇರ್ ಅನ್ನುತ್ತಾರೆ. ನಿಮ್ಮ ಬೀದಿಯಲ್ಲೂ ಯಾರಾದರೂ ಚಿಕ್ಕಮ್ಮನೋ ಅತ್ತೆಯೋ ಹೀಗೆ ಶುರು ಮಾಡಬೇಕು ಅಂದುಕೊಂಡಿದ್ದರೆ ಒಳ್ಳೆಯದೇ. ‘ಮಕ್ಕಳನ್ನು ನೋಡೋಕೆ ಅನುಮತಿ ಯಾಕೆ? ನಾವೆಲ್ಲ ಬೆಳೆಯಲಿಲ್ಲವೇ?’ ಎಂದು ತಾತ ಕೇಳಬಹುದು. ತಾತ, ನಿಮ್ಮ ಮಾತು ನಿಜ. ಆದರೆ ಆಗ ಅಜ್ಜಿಯನ್ನು ಬೀದಿಯವರೆಲ್ಲ ಬಲ್ಲರು. ಈಗ ಬೇರೆ ಊರಿನಿಂದ ಕೆಲಸಕ್ಕೆ ಬಂದ ತಾಯಿ, ಗುರುತಿಲ್ಲದವರ ಕೈಗೆ ಮಗು ಕೊಟ್ಟು ಹೋಗಬೇಕು. ನಿಯಮ ಅಂದರೆ ಬೇರೇನಲ್ಲ, ಅಜ್ಜಿಯ ಎಚ್ಚರವನ್ನೇ ಕಾಗದಕ್ಕೆ ಇಳಿಸಿದ್ದು. ಆದ್ದರಿಂದ ಮೊದಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೂ ಪಂಚಾಯಿತಿ ಅಥವಾ ಪುರಸಭೆಗೂ ಹೋಗಿ, ಯಾವ ಅನುಮತಿ ಬೇಕೆಂದು ಕೇಳಿ, ಅದನ್ನು ಬರಹದಲ್ಲೇ ಪಡೆಯಬೇಕು.

ಈಗ ಪೆನ್ಸಿಲ್ ಹಿಡಿಯಿರಿ. ದೊಡ್ಡ ಕಚೇರಿ, ಕಾರ್ಖಾನೆಗಳ ಶಿಶುಪಾಲನಾ ಕೇಂದ್ರಗಳಿಗಾಗಿ 2018ರಲ್ಲಿ ಕೇಂದ್ರ ಸರ್ಕಾರ ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ಮಗುವಿಗೆ 10ರಿಂದ 12 ಚದರ ಅಡಿ ಜಾಗ ಬೇಕು ಎಂದಿದೆ. ಮನೆಗೂ ಅದೇ ಅಳತೆ ಇಟ್ಟುಕೊಳ್ಳೋಣ. ನಡುಮನೆ 12 ಅಡಿ ಉದ್ದ, 10 ಅಡಿ ಅಗಲ. ಒಟ್ಟು 120 ಚದರ ಅಡಿ. ತಲೆಗೆ 12ರಂತೆ ಹತ್ತು ಮಕ್ಕಳು ಎಂದು ಥಟ್ಟನೆ ಹೇಳಿದಿರಾ? ತಡೆಯಿರಿ. ಮಂಚ, ಬೀರು, ಭತ್ತದ ಮೂಟೆ ಸೇರಿ 24 ಚದರ ಅಡಿ ಹೋಯಿತು. ಉಳಿದದ್ದು 96. ಅಲ್ಲಿಗೆ ಎಂಟೇ ಮಕ್ಕಳು. ಒಂಬತ್ತನೆಯ ತಾಯಿ ಬಂದು ಅಂಗಲಾಚಿದರೂ ‘ಜಾಗ ಇಲ್ಲ ಕಣಮ್ಮ’ ಅನ್ನುವ ಗಟ್ಟಿತನ ಇರಬೇಕು. ಅದು ಕಲ್ಲು ಮನಸ್ಸಲ್ಲ, ಒಳಗಿರುವ ಎಂಟು ಮಕ್ಕಳ ಮೇಲಿನ ಪ್ರೀತಿ.

ಕೈಗಳ ಲೆಕ್ಕವೂ ಇದೆ. ಕೇಂದ್ರ ಸರ್ಕಾರದ ಶಿಶುಪಾಲನಾ ಯೋಜನೆಯಲ್ಲಿ 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನ. ಎಲ್ಲರೂ ಅಂಬೆಗಾಲಿನ ಮಕ್ಕಳೇ ಆದರೆ ಇಷ್ಟೂ ಸಾಲದು. ಒಬ್ಬರೇ ಇದ್ದರೆ ಒಲೆಯ ಮೇಲೆ ರಾಗಿ ಸರಿ ತಿರುವುವಾಗ ಮಗುವನ್ನು ನೋಡುವವರಿಲ್ಲ. ಮನೆ ಎಷ್ಟೇ ಚಿಕ್ಕದಿರಲಿ, ಇಬ್ಬರು ಬೇಕೇ ಬೇಕು.

ಇನ್ನುಳಿದದ್ದು ಅಜ್ಜಿಯರಿಗೆ ಗೊತ್ತಿರುವ ಎಚ್ಚರವೇ. ನೀರಿನ ತೊಟ್ಟಿಗೆ ಮುಚ್ಚಳ ಇರಬೇಕು, ಬಕೆಟ್ಟು ಕವುಚಿರಬೇಕು. ಒಂದು ಗೇಣು ನೀರಿನಲ್ಲೂ ಮಗು ಮುಳುಗಬಲ್ಲದು. ಮಾತ್ರೆ, ಸೀಮೆಎಣ್ಣೆ, ಹೊಲದ ಔಷಧಿ ಬೀಗದೊಳಗಿರಲಿ. ಚುಚ್ಚುಮದ್ದಿನ ಕಾರ್ಡು ನೋಡಿಯೇ ಮಗುವನ್ನು ಸೇರಿಸಿಕೊಳ್ಳಲಿ. ಬಿಟ್ಟ ಹೊತ್ತು, ಕರೆದೊಯ್ದ ಹೊತ್ತು, ಯಾರು ಕರೆದೊಯ್ಯಬಹುದು ಎಂಬುದಕ್ಕೆ ಒಂದು ಪುಸ್ತಕ ಇರಲಿ. ಹಾಲೂಡಿಸಲು ತಾಯಿ ಯಾವಾಗ ಬಂದರೂ ಬಾಗಿಲು ತೆರೆಯಲಿ. ಗೋಡೆಯ ಮೇಲೆ ಎರಡು ಸಂಖ್ಯೆ ದಪ್ಪಗೆ ಬರೆದಿರಲಿ: ಆಂಬುಲೆನ್ಸ್‌ಗೆ 108, ಮಕ್ಕಳ ಸಹಾಯವಾಣಿಗೆ 1098.

ಕೊನೆಗೆ ದುಡ್ಡಿನ ಲೆಕ್ಕ. ಎಂಟು ತಾಯಂದಿರು ದಿನಕ್ಕೆ ತಲಾ 50 ರೂಪಾಯಿ ಕೊಟ್ಟರು ಎಂದುಕೊಳ್ಳಿ. ಒಟ್ಟು 400. ಅದರಲ್ಲಿ ಹಾಲು, ಬೆಲ್ಲ, ಸೋಪು ಕಳೆದು ಇಬ್ಬರು ಹಂಚಿಕೊಳ್ಳಬೇಕು. ನೋಡುವವರಿಗೆ ಇದು ಕಡಿಮೆ, ಕೂಲಿಯ ತಾಯಿಗೆ ಇದೇ ಹೆಚ್ಚು. ಇಬ್ಬರದೂ ತಪ್ಪಲ್ಲ. ಈ ನಡುವಿನ ಕಂದಕ ತುಂಬಲು ಪಂಚಾಯಿತಿ, ಸರ್ಕಾರ ಕೈ ಕೊಡಲೇಬೇಕು. ನಾವು ಶಾಲೆಗೆ ಕೊಠಡಿ ಕೇಳುತ್ತೇವೆ, ರಸ್ತೆ ಕೇಳುತ್ತೇವೆ. ಗ್ರಾಮಸಭೆಯಲ್ಲಿ ಎದ್ದು ನಿಂತು ‘ನಮ್ಮೂರಿಗೆ ಕೂಸಿನ ಮನೆ ಎಲ್ಲಿ?’ ಎಂದು ಕೇಳುವವರು ಕಡಿಮೆ. ತಾತಂದಿರೇ, ನಿಮ್ಮ ಮಾತಿಗೆ ಅಲ್ಲಿ ಬೆಲೆ ಇದೆ. ಮುಂದಿನ ಗ್ರಾಮಸಭೆಯಲ್ಲಿ ನೀವೇ ಕೇಳಿ.

ಮಕ್ಕಳೇ, ಈ ಭಾನುವಾರ ನಿಮಗೆ ಎರಡು ಕೆಲಸ. ಅಜ್ಜಿಯ ಬಳಿ ಕೂತು ಅವರು ಎಷ್ಟು ಮಕ್ಕಳನ್ನು ಸಾಕಿದರು, ತಮ್ಮವು ಎಷ್ಟು, ನೆರೆಯವರವು ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಅದಕ್ಕೆ ಯಾರೂ ಅವರಿಗೆ ಕೂಲಿ ಕೊಟ್ಟಿರಲಾರರು. ಎರಡನೆಯದು: ನಿಮ್ಮ ತರಗತಿಯಲ್ಲಿ ಯಾವ ಜಾಗವಾದರೂ ಮೂರು ದಿನ ಖಾಲಿ ಇದ್ದರೆ, ಏಕೆಂದು ಅವರ ಮನೆಗೆ ಹೋಗಿ ಕೇಳಿ ಬಂದು ನಿಮ್ಮ ಮೇಷ್ಟರಿಗೆ, ಟೀಚರಿಗೆ ಹೇಳಿ. ನಾನು ಮೂರು ವಾರ ತಡಮಾಡಿದೆ. ನೀವು ಮಾಡಬೇಡಿ.